282 ಅಂಕದ ಹುಡುಗ, ಅವನ ಮೇಷ್ಟ್ರುಗಳು

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ಶಾಲೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಜನ ಇರುತ್ತಾರೆ, ನಾನು ಇತಿಹಾಸದ ಒಂದು ಸಂಗತಿ ಬರೆದುಕೊಡುತ್ತೇನೆ ಎಂದೆ. ಆ ಕಡೆಯಿಂದ ಸಣ್ಣ ನಗು ಕೇಳಿಸಿತು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಗೆ ಇತಿಹಾಸದ ಗೊಡವೆ ಯಾಕೆ ಎಂಬ ನಗು. ನಗುವುದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಾಲದಲ್ಲಿ ಸಮಾಜ ವಿಜ್ಞಾನದ ಪೀರಿಯಡ್ಡು ಊಟದ ಬೆಲ್ ಆದ ಮೇಲೆ ಬರುತ್ತಿತ್ತು, ಅರ್ಧ ತರಗತಿ ತೂಕಡಿಸುತ್ತಿತ್ತು.

ಆದರೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಗಾಂಧೀಜಿ ಪಟದ ಪಕ್ಕ ಇನ್ನೊಂದು ಪಟ ಇತ್ತು, ಈಗಲೂ ಇದೆ. ಗಣರಾಜ್ಯೋತ್ಸವದ ದಿನ ಅದನ್ನು ಹೊರಗೆ ತಂದು, ಕುರ್ಚಿಯ ಮೇಲಿಟ್ಟು, ಸೇವಂತಿಗೆ ಹಾರ ಹಾಕುತ್ತಿದ್ದೆವು. ಏಪ್ರಿಲ್ 14 ಬೇಸಿಗೆ ರಜೆಯಲ್ಲಿ ಬರುತ್ತಿದ್ದುದರಿಂದ ಜಯಂತಿಯ ದಿನ ನಾವು ಯಾರೂ ಶಾಲೆಯಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಡಾ. ಅಂಬೇಡ್ಕರ್ ಅವರ ಬಗ್ಗೆ ನಾವು ಕೇಳಿದ್ದೆಲ್ಲ ಜನವರಿ 26ರ ಭಾಷಣದ ನಾಲ್ಕು ಸಾಲು: ಸಂವಿಧಾನ ಶಿಲ್ಪಿ, ಬಡತನದಲ್ಲಿ ಹುಟ್ಟಿದರು, ಕಷ್ಟಪಟ್ಟು ಓದಿದರು, ವಿದೇಶಕ್ಕೆ ಹೋಗಿ ದೊಡ್ಡ ದೊಡ್ಡ ಪದವಿ ಪಡೆದರು. ‘ಕಷ್ಟಪಟ್ಟು ಓದಿದರು’ ಎಂಬ ಎರಡು ಪದಗಳೊಳಗೆ ಏನೇನಿತ್ತು, ಯಾರ್ಯಾರಿದ್ದರು ಎಂಬುದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಧನಂಜಯ ಕೀರ್ ಬರೆದ ಜೀವನಚರಿತ್ರೆಯನ್ನೂ ಅಂಬೇಡ್ಕರ್ ಅವರೇ ತಮ್ಮ ಬಾಲ್ಯದ ಬಗ್ಗೆ ಬರೆದ ಕೆಲವು ಪುಟಗಳನ್ನೂ ಓದಿದಾಗ ನನ್ನ ಕಣ್ಣು ನಿಂತದ್ದು ಸಂವಿಧಾನದ ಮೇಲಲ್ಲ, ಅವರ ಮೇಷ್ಟ್ರುಗಳ ಮೇಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಅಂಕಪಟ್ಟಿಯ ವಿಷಯ. 1907ರಲ್ಲಿ ಭೀಮರಾವ್ ರಾಮ್‌ಜಿ ಅಂಬೇಡ್ಕರ್ ಮುಂಬಯಿಯಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆ ಪಾಸು ಮಾಡಿದರು. ಸಿಕ್ಕ ಅಂಕ 750ಕ್ಕೆ 282. ಲೆಕ್ಕ ಹಾಕಿದರೆ ನೂರಕ್ಕೆ 37.6. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು 35 ಬೇಕಿತ್ತು. ಅಂದರೆ ಗೆರೆಯ ಮೇಲೆ ಎರಡೂವರೆ. ಇವತ್ತು ಇಷ್ಟು ಅಂಕ ತೆಗೆದವರ ಹೆಸರನ್ನು ನಾವು ಯಾರೂ ಫ್ಲೆಕ್ಸಿನಲ್ಲಿ ಹಾಕುವುದಿಲ್ಲ. ಪ್ರತಿಭಾ ಪುರಸ್ಕಾರಕ್ಕೆ ಕರೆಯುವುದಿಲ್ಲ. ‘ಹೇಗೋ ದಾಟಿಕೊಂಡ’ ಎಂದು ಸುಮ್ಮನಾಗುತ್ತೇವೆ. ಆದರೆ ಅವತ್ತು ಆ 282 ಅಂಕಕ್ಕೆ ಒಂದು ಸಭೆ ನಡೆಯಿತು. ಎಸ್.ಕೆ. ಬೋಳೆ ಎಂಬ ಸಮಾಜ ಸುಧಾರಕರು ಅಧ್ಯಕ್ಷತೆ ವಹಿಸಿದ್ದರು. ಆ ಸಭೆಯಲ್ಲಿ ಮಾತಾಡಿ, ಹುಡುಗನ ಕೈಗೆ ತಾವೇ ಬರೆದ ಒಂದು ಪುಸ್ತಕ ಕೊಟ್ಟವರು ಒಬ್ಬ ಹೈಸ್ಕೂಲ್ ಮೇಷ್ಟ್ರು, ಕೃಷ್ಣಾಜಿ ಅರ್ಜುನ ಕೇಳುಸ್ಕರ್. ಅವರ ವಿಷಯಕ್ಕೆ ಬರುವ ಮುಂಚೆ ಸಾತಾರಾಕ್ಕೆ ಹೋಗಿಬರಬೇಕು.

ಅಂಬೇಡ್ಕರ್ ಹುಟ್ಟಿದ್ದು 1891ರಲ್ಲಿ, ಈಗಿನ ಮಧ್ಯಪ್ರದೇಶದ ಮಹೂ ದಂಡಿನಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರರು, ಸೇನೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಅಂದರೆ ಭೀಮರಾವ್ ಅವರ ಮೊದಲನೇ ಮೇಷ್ಟ್ರು ಮನೆಯೊಳಗೇ ಇದ್ದರು. ನಿವೃತ್ತಿಯ ನಂತರ ಕುಟುಂಬ ಸಾತಾರಾಕ್ಕೆ ಬಂತು. ತಾಯಿ ತೀರಿಕೊಂಡದ್ದು ಅಲ್ಲೇ. 1900ರ ನವೆಂಬರ್ 7ರಂದು ಅಲ್ಲಿನ ಸರ್ಕಾರಿ ಹೈಸ್ಕೂಲಿನ ಮೊದಲನೇ ಇಂಗ್ಲಿಷ್ ತರಗತಿಗೆ ಅವರ ಹೆಸರು ದಾಖಲಾಯಿತು. ಮಹಾರಾಷ್ಟ್ರ ಸರ್ಕಾರ 2017ರಿಂದ ಆ ದಿನವನ್ನು ವಿದ್ಯಾರ್ಥಿ ದಿನ ಎಂದು ಆಚರಿಸುತ್ತಿದೆ. ಒಬ್ಬರು ಹುಟ್ಟಿದ ದಿನವನ್ನಲ್ಲ, ಶಾಲೆಗೆ ಸೇರಿದ ದಿನವನ್ನು ಆಚರಿಸುವುದು ನನಗೆ ಬಹಳ ಇಷ್ಟವಾದ ವಿಚಾರ.

ಹಾಜರಿ ಪುಸ್ತಕದಲ್ಲಿ ಹೆಸರು ಬಂತು, ಬೆಂಚಿನ ಮೇಲೆ ಜಾಗ ಬರಲಿಲ್ಲ. ಅವರು ಮನೆಯಿಂದ ಗೋಣಿಚೀಲದ ತುಂಡೊಂದನ್ನು ತಂದು, ತರಗತಿಯ ಒಂದು ಮೂಲೆಯಲ್ಲಿ ಹಾಸಿಕೊಂಡು ಕೂರಬೇಕಾಗಿತ್ತು. ಸಂಜೆ ಅದನ್ನು ಮಡಚಿಕೊಂಡು ವಾಪಸ್ ಒಯ್ಯಬೇಕು, ಯಾಕೆಂದರೆ ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿಯನ್ನು ತಾವೇ ತಿರುಗಿಸುವಂತಿಲ್ಲ. ಮೇಷ್ಟ್ರ ಅಪ್ಪಣೆ ಬೇಕು, ಜವಾನ ಬಂದು ತಿರುಗಿಸಬೇಕು. ಜವಾನ ಸಿಗದ ದಿನ ಬಾಯಾರಿಕೆಯೇ ಗತಿ. ಇದನ್ನೆಲ್ಲ ಅಂಬೇಡ್ಕರ್ ಅವರೇ ‘ವೀಸಾಗಾಗಿ ಕಾಯುತ್ತಾ’ ಎಂಬ ಹೆಸರಿನಲ್ಲಿ ಬರೆದಿಟ್ಟ ನೆನಪುಗಳಲ್ಲಿ ಹೇಳಿದ್ದಾರೆ. ಬಹಳ ಚಿಕ್ಕ ಪುಸ್ತಕ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಅದರ ಐದಾರು ಪ್ರತಿ ಇರಬೇಕು.

ಈ ಗೋಣಿ, ಈ ನಲ್ಲಿ ಇದ್ದದ್ದು ಊರ ಹೊರಗಲ್ಲ, ಜಾತ್ರೆಯಲ್ಲಲ್ಲ, ಶಾಲೆಯೊಳಗೆ. ಅದನ್ನು ನೋಡಿಕೊಂಡು ಪಾಠ ಮಾಡುತ್ತಿದ್ದವರು ಮೇಷ್ಟ್ರುಗಳು. ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಗುರುವನ್ನು ಬ್ರಹ್ಮ, ವಿಷ್ಣು ಎಂದು ಹೊಗಳುವಾಗ ಈ ಭಾಗ ಬಿಟ್ಟುಹೋಗುತ್ತದೆ. ಮೇಷ್ಟ್ರು ಅಡ್ಡಿಯನ್ನು ದಾಟಿಸುವವರೂ ಆಗಬಹುದು, ಅವರೇ ಅಡ್ಡಿಯೂ ಆಗಬಹುದು. ಮುಂದೆ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಅಂಬೇಡ್ಕರ್ ಅವರಿಗೂ ಅವರ ಅಣ್ಣನಿಗೂ ಸಂಸ್ಕೃತ ಕಲಿಯಲು ಬಿಡಲಿಲ್ಲ, ಜಾತಿಯ ಕಾರಣಕ್ಕೆ. ಅವರು ಪಾರ್ಸಿ ಭಾಷೆ ತೆಗೆದುಕೊಂಡರು. ಬೇಡ ಎಂದದ್ದು ಊರ ಗೌಡರಲ್ಲ, ಶಾಲೆಯೇ. ಅವರು ಮುಂದೆ ಸಂಸ್ಕೃತವನ್ನು ತಾವೇ ಕಲಿತುಕೊಂಡರು, ಅದು ಬೇರೆ ಮಾತು.

ಅದೇ ಸಾತಾರಾ ಶಾಲೆಯಲ್ಲಿ ಪೆಂಡ್ಸೆ ಎಂಬ ಮೇಷ್ಟ್ರು ಇದ್ದರು. ಒಂದು ದಿನ ಜೋರು ಮಳೆ. ಕೊಡೆ ಇಲ್ಲದೆ, ಹಟಕ್ಕೆ ಬಿದ್ದು ನೆನೆದುಕೊಂಡೇ ಶಾಲೆಗೆ ಬಂದ ಭೀಮರಾವ್ ಅವರನ್ನು ನೋಡಿ ಪೆಂಡ್ಸೆಯವರು ತಮ್ಮ ಮಗನ ಜೊತೆ ಮನೆಗೆ ಕಳಿಸಿದರು. ಬಿಸಿನೀರು ಸ್ನಾನ ಮಾಡಿಸಿ, ಒಣಬಟ್ಟೆ ಕೊಟ್ಟು, ಒದ್ದೆ ಬಟ್ಟೆ ಒಣಹಾಕಲು ಹೇಳಿದರು. ಇಷ್ಟೇ ಕತೆ. ಆದರೆ ನೂರಿಪ್ಪತ್ತು ವರ್ಷದ ಹಿಂದೆ, ಗೋಣಿಯ ಮೇಲೆ ಕೂರಿಸುತ್ತಿದ್ದ ಶಾಲೆಯ ಮೇಷ್ಟ್ರೊಬ್ಬರು ಆ ಹುಡುಗನನ್ನು ತಮ್ಮ ಮನೆಯ ಬಚ್ಚಲಿಗೆ ಕಳಿಸಿದರು ಎಂದರೆ ಅದೇನು ಸಣ್ಣ ವಿಷಯವಲ್ಲ. ಆ ದಿನ ಸಂಜೆ ಮನೆಯಲ್ಲಿ ಪೆಂಡ್ಸೆಯವರು ಏನೇನು ಕೇಳಬೇಕಾಯಿತೋ. ಹಳ್ಳಿಯಲ್ಲಿ ಬೆಳೆದ ನಮಗೆ ಅದನ್ನು ಊಹಿಸುವುದು ಕಷ್ಟವಲ್ಲ.

ಇನ್ನೊಬ್ಬ ಮೇಷ್ಟ್ರ ಉಪನಾಮವೇ ಅಂಬೇಡ್ಕರ್. ಭೀಮರಾವ್ ಅವರ ಮನೆತನದ ಊರು ರತ್ನಾಗಿರಿ ಜಿಲ್ಲೆಯ ಅಂಬಡವೆ; ಅದರಿಂದ ಬಂದ ಉಪನಾಮ ಅಂಬಡವೇಕರ್. ಕೂಗಲು ತೊಡಕಿನ ಹೆಸರು ಎಂದು ಮೇಷ್ಟ್ರು ತಮ್ಮ ಉಪನಾಮವನ್ನೇ ಹುಡುಗನಿಗೆ ಕೊಟ್ಟು ಹಾಜರಿ ಪುಸ್ತಕದಲ್ಲಿ ಹಾಗೇ ಬರೆದುಕೊಂಡರು ಎಂದು ಕೀರ್ ಬರೆಯುತ್ತಾರೆ. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಹೆಸರಿನ ವಾದ ಏನೇ ಇರಲಿ, ಊಟದ ವಿಷಯದಲ್ಲಿ ವಾದವಿಲ್ಲ. ಆ ಮೇಷ್ಟ್ರು ಪಾಠ ಹೇಳುವುದರಲ್ಲಿ ಅಂಥ ಹೆಸರು ಮಾಡಿದವರೇನಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆಂದು ದೂರದ ಮನೆಗೆ ಓಡಿಹೋಗುತ್ತಿದ್ದ ಹುಡುಗನನ್ನು ತಡೆದು, ತಮ್ಮ ಬುತ್ತಿಯಿಂದಲೇ ದಿನವೂ ರೊಟ್ಟಿ, ಅನ್ನ, ಪಲ್ಯ ಕೊಡುತ್ತಿದ್ದರು. ಆ ರೊಟ್ಟಿಯ ರುಚಿಯನ್ನು ಅಂಬೇಡ್ಕರ್ ಕೊನೆಯವರೆಗೂ ಮರೆಯಲಿಲ್ಲ. ದುಂಡು ಮೇಜಿನ ಪರಿಷತ್ತಿಗೆ ಹೊರಟ ಕಾಲದಲ್ಲಿ ಆ ಮೇಷ್ಟ್ರು ಅಭಿನಂದಿಸಿ ಬರೆದ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ಒಂದು ವಿವರ ಮಾತ್ರ ಮುಚ್ಚಿಡಬಾರದು. ಮೇಷ್ಟ್ರು ಆ ಊಟವನ್ನು ಹುಡುಗನ ಬೊಗಸೆಗೆ ಮೇಲಿಂದ ಹಾಕುತ್ತಿದ್ದರು. ಕೈಗೆ ಕೈ ತಾಗುತ್ತಿರಲಿಲ್ಲ. ಅಷ್ಟು ಪ್ರೀತಿ ಇದ್ದವರಿಗೂ ಆ ನಾಲ್ಕು ಅಂಗುಲ ದಾಟಲು ಆಗಲಿಲ್ಲ. ಹಾಗೆಂದು ಆ ರೊಟ್ಟಿ ಸುಳ್ಳಲ್ಲ. ರೊಟ್ಟಿ ನಿಜ, ನಾಲ್ಕು ಅಂಗುಲವೂ ನಿಜ. ಇತಿಹಾಸ ಓದುವುದರಲ್ಲಿ ನನಗೆ ಸಿಕ್ಕ ಲಾಭ ಇದೇ ಎನಿಸುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ನೋಡುವ ಅಭ್ಯಾಸ.

ಮುಂಬಯಿಗೆ ಬಂದ ಮೇಲೆ ಪರೇಲ್‌ನ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ಊಟ, ನಿದ್ದೆ, ಓದು ಎಲ್ಲಾ ಅದರಲ್ಲೇ. ರಾಮ್‌ಜಿಯವರು ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾಗಿದ್ದ ಹೆಣ್ಣುಮಕ್ಕಳ ಮನೆಗೆ ಹೋಗಿ ಕೇಳುತ್ತಿದ್ದರು. ಒಡವೆ ಗಿರವಿ ಇಟ್ಟದ್ದೂ ಉಂಟು. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಒಮ್ಮೆ ಮೇಷ್ಟ್ರು ಲೆಕ್ಕ ಬಿಡಿಸಲು ಬೋರ್ಡಿಗೆ ಕರೆದರು. ಬೋರ್ಡಿನ ಹಿಂದೆ ಬೇರೆ ಹುಡುಗರ ಊಟದ ಡಬ್ಬಿಗಳಿದ್ದವು. ಇವರು ಬೋರ್ಡು ಮುಟ್ಟುವ ಮೊದಲೇ ಹುಡುಗರೆಲ್ಲ ಎದ್ದು ಓಡಿ ಡಬ್ಬಿಗಳನ್ನು ಎಳೆದು ಹಾಕಿದರು.

ಶಾಲೆ ಬಿಟ್ಟ ಮೇಲೆ ಭೀಮರಾವ್ ಚರ್ನಿ ರಸ್ತೆಯ ತೋಟಕ್ಕೆ ಹೋಗಿ ಕೂತು ಓದುತ್ತಿದ್ದರು. ಆ ತೋಟಕ್ಕೆ ಸಂಜೆ ಬರುತ್ತಿದ್ದವರು ಕೇಳುಸ್ಕರ್ ಮೇಷ್ಟ್ರು. ಅವರು ಕೆಲಸ ಮಾಡುತ್ತಿದ್ದದ್ದು ವಿಲ್ಸನ್ ಹೈಸ್ಕೂಲಿನಲ್ಲಿ. ಭೀಮರಾವ್ ಓದುತ್ತಿದ್ದದ್ದು ಎಲ್ಫಿನ್‌ಸ್ಟನ್‌ನಲ್ಲಿ. ಇದನ್ನು ಓದುಗರು, ಅದರಲ್ಲೂ ಶಿಕ್ಷಕ ಬಂಧುಗಳು ಗಮನಿಸಬೇಕು. ಕೇಳುಸ್ಕರ್ ಅವರ ಹಾಜರಿ ಪುಸ್ತಕದಲ್ಲಿ ಈ ಹುಡುಗನ ಹೆಸರು ಇರಲಿಲ್ಲ. ಇವನು ಪಾಸಾದರೆ ಅವರ ಶಾಲೆಯ ಫಲಿತಾಂಶ ಏರುವುದಿಲ್ಲ, ಫೇಲಾದರೆ ಯಾರೂ ನೋಟಿಸ್ ಕೊಡುವುದಿಲ್ಲ. ಮಿಕ್ಕ ಹುಡುಗರು ಆಟವಾಡುವಾಗ ಒಬ್ಬ ಮಾತ್ರ ದಿನವೂ ಓದುತ್ತಾ ಕೂತಿರುವುದನ್ನು ನೋಡಿ, ಹತ್ತಿರ ಹೋಗಿ, ಯಾರಪ್ಪಾ ನೀನು ಎಂದು ವಿಚಾರಿಸಿದರು. ಜಾತಿ ತಿಳಿಯಿತು. ಅಲ್ಲಿಗೇ ಮಾತು ನಿಲ್ಲಲಿಲ್ಲ. ಯಾವ ಪುಸ್ತಕ ಓದಬೇಕು ಎಂದು ಹೇಳಿದರು, ತಮ್ಮ ಪುಸ್ತಕಗಳನ್ನೇ ತಂದು ಕೊಟ್ಟರು. ಅವರು ಸ್ವತಃ ಲೇಖಕರು, ಮರಾಠಿಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆ ಬರೆದವರು.

ಮೆಟ್ರಿಕ್ ಪಾಸಾದಾಗ ನಡೆದ ಸಭೆಯ ಬಗ್ಗೆ ಆಗಲೇ ಹೇಳಿದೆ. ಇದರ ಬಗ್ಗೆ ಎರಡು ಮಾತಿದೆ. ಕೀರ್ ಅವರು ಮೆಟ್ರಿಕ್ ಪಾಸಾದಾಗ ಎನ್ನುತ್ತಾರೆ. ಅಂಬೇಡ್ಕರ್ ಅವರೇ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದಾಗ ಎಂದು ನೆನೆಯುತ್ತಾರೆ. ಆ ಮುನ್ನುಡಿಯಲ್ಲಿ ಒಂದು ಸ್ವಾರಸ್ಯವಿದೆ. ಕೇರಿಯ ಜನ ಸಭೆ ಮಾಡೋಣ ಎಂದಾಗ ತಂದೆ ರಾಮ್‌ಜಿ ಬೇಡವೇ ಬೇಡ ಎಂದರಂತೆ, ಹುಡುಗನ ತಲೆ ತಿರುಗುತ್ತದೆ, ಪಾಸಾದದ್ದು ಅಂಥ ದೊಡ್ಡ ವಿಷಯವೇ ಎಂದು. ನಮ್ಮ ಅಪ್ಪಂದಿರೂ ಹೀಗೇ ಅಲ್ಲವೇ. ಜನ ಕೇಳುಸ್ಕರ್ ಅವರನ್ನು ಹಿಡಿದರು. ಅವರು ರಾಮ್‌ಜಿಯವರ ಸ್ನೇಹಿತರು, ಹೇಗೋ ಒಪ್ಪಿಸಿದರು. ಸಭೆಯಲ್ಲಿ ಅವರು ಕೊಟ್ಟ ಪುಸ್ತಕ ತಾವು ಮರಾಠಿಯಲ್ಲಿ ಬರೆದ ಗೌತಮ ಬುದ್ಧನ ಚರಿತ್ರೆ.

ಸಭೆ ಮುಗಿದ ಮೇಲೆ ಮೇಷ್ಟ್ರ ಕೆಲಸ ಮುಗಿಯಿತು ಎಂದು ಅವರು ಅಂದುಕೊಳ್ಳಲಿಲ್ಲ. ಭೀಮರಾವ್ ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿದರು. ಇಂಟರ್‌ಮೀಡಿಯೆಟ್ ಮುಗಿಯುವ ಹೊತ್ತಿಗೆ ತಂದೆಯ ಕೈ ಬರಿದಾಯಿತು. ಓದು ಅಲ್ಲಿಗೇ ನಿಲ್ಲುವುದರಲ್ಲಿತ್ತು. ಬರೋಡಾದ ಮಹಾರಾಜ ಮೂರನೇ ಸಯ್ಯಾಜಿರಾವ್ ಗಾಯಕ್ವಾಡರು ತಮ್ಮ ಸಂಸ್ಥಾನದಲ್ಲಿ 1906ರಲ್ಲೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ್ದವರು. ಅವರು ಒಮ್ಮೆ ಮುಂಬಯಿಯ ಸಭೆಯೊಂದರಲ್ಲಿ, ಅಸ್ಪೃಶ್ಯರೆನಿಸಿಕೊಂಡ ಜಾತಿಗಳಿಂದ ಯೋಗ್ಯ ವಿದ್ಯಾರ್ಥಿ ಬಂದರೆ ಸಹಾಯ ಮಾಡುತ್ತೇನೆ ಎಂದಿದ್ದರು. ಸಭೆಗಳಲ್ಲಿ ದೊಡ್ಡವರು ಇಂಥ ಮಾತು ಹೇಳುತ್ತಲೇ ಇರುತ್ತಾರೆ. ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಕೇಳುಸ್ಕರ್ ಆ ಮಾತನ್ನು ನೆನಪಿಟ್ಟುಕೊಂಡರು. ಹುಡುಗನನ್ನು ಜೊತೆಯಲ್ಲಿ ಕರೆದುಕೊಂಡು ಮಹಾರಾಜರ ಮುಂದೆ ನಿಂತರು. ಮಹಾರಾಜರು ಹುಡುಗನಿಗೆ ಒಂದೆರಡು ಪ್ರಶ್ನೆ ಕೇಳಿದರು, ಉತ್ತರ ಹಿಡಿಸಿತು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರಾಯಿತು. ಅದೇ ಕಾಲೇಜಿನಲ್ಲಿ ಮುಲ್ಲರ್ ಎಂಬ ಪ್ರಾಧ್ಯಾಪಕರು ಪುಸ್ತಕ ಕೊಟ್ಟರು, ತೊಡಲು ಬಟ್ಟೆ ಕೊಟ್ಟರು. ಕಾಲೇಜಿನ ಹೋಟೆಲಿನವರು ಮಾತ್ರ ಅವರಿಗೆ ಟೀ, ನೀರು ಕೊಡುತ್ತಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ, ಬೇಗ ಹೇಳಿ ಮುಗಿಸುತ್ತೇನೆ. ಬಿ.ಎ. ಆಯಿತು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಬರೋಡಾ ಸಂಸ್ಥಾನದ ಖರ್ಚಿನಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಎಡ್ವಿನ್ ಸೆಲಿಗ್‌ಮನ್, ಜಾನ್ ಡ್ಯೂಯಿ ಅಂಥವರು ಪಾಠ ಹೇಳಿದರು. 1915ರಲ್ಲಿ ಎಂ.ಎ., ಆಮೇಲೆ ಲಂಡನ್. ಒಪ್ಪಂದದಂತೆ ಬರೋಡಾದ ಸೇವೆಗೆ 1917ರಲ್ಲಿ ಹಿಂದಿರುಗಿದಾಗ ಅಷ್ಟು ಓದಿದವರಿಗೆ ಆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಿಂದ ಹೊರಹಾಕಿದರು. ಆಗಲೂ ಕೇಳುಸ್ಕರ್ ಸುಮ್ಮನೆ ಕೂರಲಿಲ್ಲ. ಬರೋಡಾದ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಊಟ ವಸತಿಗೆ ಏರ್ಪಾಡು ಮಾಡಲು ನೋಡಿದರು, ಅದು ಕೈಗೂಡಲಿಲ್ಲ ಎಂದು ಕೀರ್ ಬರೆಯುತ್ತಾರೆ. ಹಳೆಯ ಶಿಷ್ಯನಿಗೆ 26 ವರ್ಷ, ಕೊಲಂಬಿಯಾದಲ್ಲಿ ಓದಿ ಬಂದಿದ್ದಾರೆ, ಆದರೂ ಹೈಸ್ಕೂಲ್ ಮೇಷ್ಟ್ರು ಅವರಿಗೆ ಒಂದು ಸೂರು ಹುಡುಕುತ್ತಿದ್ದಾರೆ. ಸಿಗಲಿಲ್ಲ ಎನ್ನುವುದು ಮೇಷ್ಟ್ರ ಸೋಲಲ್ಲ. ಒಬ್ಬ ಮೇಷ್ಟ್ರ ಕೈ ಎಲ್ಲಿಯವರೆಗೆ ನಿಲುಕುತ್ತದೆ, ಎಲ್ಲಿಂದಾಚೆಗೆ ಕಾನೂನೇ ಬೇಕಾಗುತ್ತದೆ ಎನ್ನುವುದು ಅಲ್ಲಿ ಕಾಣುತ್ತದೆ. ಆ ಕಾನೂನನ್ನು ಬರೆಯುವ ಕೆಲಸವೂ ಮುಂದೆ ಅದೇ ಶಿಷ್ಯನ ಪಾಲಿಗೆ ಬಂತು.

ಅಂಬೇಡ್ಕರ್ ಸ್ವತಃ ಮೇಷ್ಟ್ರಾಗಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಇವರೇನು ಪಾಠ ಮಾಡುತ್ತಾರೆ ಎಂದು ಮೊದಲು ಉದಾಸೀನ ಮಾಡಿದ ಹುಡುಗರು ಆಮೇಲೆ ಸುಮ್ಮನಾದರು. ಬೇರೆ ಕಾಲೇಜಿನವರೂ ಅವರ ಪಾಠ ಕೇಳಲು ಬರುತ್ತಿದ್ದರು. ಅಧ್ಯಾಪಕರ ಕೊಠಡಿಯ ನೀರಿನ ಮಡಕೆಯನ್ನು ಅವರು ಮುಟ್ಟಬಾರದು ಎಂದು ತಕರಾರು ತೆಗೆದವರು ಜೊತೆಯ ಅಧ್ಯಾಪಕರು. ಸಾತಾರಾದ ನಲ್ಲಿ ಅಲ್ಲಿಗೂ ಹಿಂಬಾಲಿಸಿತ್ತು. ಮುಂದೆ 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಕಟ್ಟಿದರು. ಕಾಲೇಜಿಗೆ ಆ ಹೆಸರು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ, ದಾರಿ ಒಂದು ಕಡೆ ಆ ಹಳೆಯ ಸಭೆಯಲ್ಲಿ ಕೈಗೆ ಬಂದ ಮರಾಠಿ ಪುಸ್ತಕಕ್ಕೂ ಹೋಗಿ ಮುಟ್ಟುತ್ತದೆ.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ಶಿಕ್ಷಕರು ಮಕ್ಕಳಿಗೆ ಸ್ಫೂರ್ತಿ ತುಂಬಬೇಕು ಎಂದು ನಾವೆಲ್ಲ ಹೇಳುತ್ತೇವೆ. ಸ್ಫೂರ್ತಿ ಎಂದರೆ ಏನೆಂದು ಕೇಳಿದರೆ ಮೈಕಿನ ಮುಂದಿನ ಭಾಷಣ ನೆನಪಾಗುತ್ತದೆ. ದೊಡ್ಡ ಕನಸು ಕಾಣಿರಿ, ಛಲ ಬಿಡಬೇಡಿ. ನನ್ನ ಕಂಪನಿಯಲ್ಲೂ ವರ್ಷಕ್ಕೊಮ್ಮೆ ಇಂಥ ಭಾಷಣ ಮಾಡಿಸುತ್ತಾರೆ, ಒಳ್ಳೆಯ ಊಟವೂ ಇರುತ್ತದೆ. ಆದರೆ ಮೇಲಿನ ಪುಟಗಳಲ್ಲಿ ಹುಡುಕಿ ನೋಡಿ. ಪೆಂಡ್ಸೆ ಕೊಟ್ಟದ್ದು ಬಿಸಿನೀರು, ಅಂಬೇಡ್ಕರ್ ಮೇಷ್ಟ್ರು ಕೊಟ್ಟದ್ದು ರೊಟ್ಟಿ, ಮುಲ್ಲರ್ ಕೊಟ್ಟದ್ದು ಅಂಗಿ. ಕೇಳುಸ್ಕರ್ ಕೊಟ್ಟದ್ದು ಪುಸ್ತಕ ಮತ್ತು ಅರಮನೆಯ ಬಾಗಿಲವರೆಗಿನ ಜೊತೆ. ಓದಬೇಕೆಂಬ ಆಸೆ ಆ ಹುಡುಗನಲ್ಲಿ ಮೊದಲೇ ಇತ್ತು, ಅದನ್ನು ಯಾರೂ ಹೊರಗಿನಿಂದ ತುಂಬಬೇಕಾಗಿರಲಿಲ್ಲ. ಇವತ್ತಿನ ಅಡ್ಡಿ ಯಾವುದು ಎಂದು ಕಣ್ಣಿಟ್ಟು ನೋಡುವವರು ಬೇಕಾಗಿತ್ತು. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಇಡೀ ಪ್ರೋಗ್ರಾಂ ಸರಿಯಾಗಿದ್ದು ಒಂದೇ ಒಂದು ಕಡೆ ಸಿಕ್ಕಿಕೊಂಡು ನಿಂತಿರುತ್ತದೆ. ಆ ಜಾಗ ಯಾವುದೆಂದು ಪತ್ತೆ ಮಾಡುವುದೇ ಮುಕ್ಕಾಲು ಪಾಲು ಕೆಲಸ.

ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ ಎಚ್. ನರಸಿಂಹಯ್ಯನವರು ಇದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಗೌರಿಬಿದನೂರಿನಿಂದ ಬೆಂಗಳೂರಿಗೆ, ಸುಮಾರು 80 ಕಿಲೋಮೀಟರ್, ನಡೆದುಕೊಂಡೇ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಕೊನೆಯವರೆಗೂ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಇದ್ದವರು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಅವರ ಅಡ್ಡಿ ದೂರ. 50 ವರ್ಷದ ಹಿಂದೆ ನಮ್ಮೂರಿನ ಹಿರಿಯರು ಜಾಗ ಬಿಟ್ಟುಕೊಟ್ಟು, ಅರ್ಜಿ ಹಿಡಿದು ತಾಲ್ಲೂಕು, ಜಿಲ್ಲೆ ಎಂದು ಓಡಾಡಿ ಈ ಹೈಸ್ಕೂಲನ್ನು ತಂದದ್ದು ಅದೇ ಅಡ್ಡಿಯನ್ನು ತೆಗೆಯಲಿಕ್ಕೆ. ಅದಕ್ಕೆ ಮುಂಚೆ ಏಳನೇ ತರಗತಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಮುಂದೆ ಓದಿದರು ಎಂದು ನಮ್ಮ ನಮ್ಮ ಮನೆಯ ಅತ್ತೆ, ದೊಡ್ಡಮ್ಮಂದಿರನ್ನು ಕೇಳಿದರೆ ಸಾಕು.

ನನ್ನದೊಂದು ಚಿಕ್ಕ ಸಂಗತಿ ಹೇಳಬೇಕು, ಯಾಕೆಂದರೆ ಅದು ನಡೆದದ್ದು ಇದೇ ಶಾಲೆಯಲ್ಲಿ. 2006ರಲ್ಲಿ ಎಸ್ಸೆಸ್ಸೆಲ್ಸಿ ಆಯಿತು. ನಮ್ಮದು ಮಳೆ ನಂಬಿದ ರಾಗಿ ಹೊಲ. ಅಣ್ಣ ಆಗಲೇ ಬೆಂಗಳೂರಿನ ಬೇಕರಿಯೊಂದರಲ್ಲಿದ್ದ, ನನಗೂ ಅಲ್ಲೇ ಮಾತಾಗಿತ್ತು. ಗಣಿತದ ಮೇಷ್ಟ್ರು ಒಂದು ಸಂಜೆ ಸೈಕಲ್ಲಿನಲ್ಲಿ ಮನೆಗೆ ಬಂದರು. ಜಗಲಿಯ ಮೇಲೆ ಕೂತು, ಅಪ್ಪನ ಹತ್ತಿರ ಮಳೆ ಬೆಳೆ ಮಾತಾಡಿದರು. ಅವ್ವ ಕೊಟ್ಟ ಮಜ್ಜಿಗೆ ಕುಡಿದರು. ಆಮೇಲೆ ಜೇಬಿನಿಂದ ತಾಲ್ಲೂಕಿನ ಪದವಿಪೂರ್ವ ಕಾಲೇಜಿನ ಅರ್ಜಿ ತೆಗೆದರು. ಸಹಿ ಒಂದನ್ನು ಬಿಟ್ಟು ಎಲ್ಲವನ್ನೂ ಅವರೇ ತುಂಬಿದ್ದರು. ಸಹಿ ಹಾಕು, ನಾಳಿದ್ದು ನಾಡಕಚೇರಿಗೆ ಹೋಗಿ ಜಾತಿ ಆದಾಯ ಪ್ರಮಾಣಪತ್ರಕ್ಕೆ ಕೊಡು, ಸೋಮವಾರದ ಒಳಗೆ ಕಾಲೇಜಿಗೆ ತಲುಪಿಸು, ಬಸ್ ಪಾಸಿಗೆ ಎರಡು ಫೋಟೊ ತೆಗೆಸಿಕೋ ಎಂದರು. ಕನಸು ಎಂಬ ಪದ ಅವರ ಬಾಯಲ್ಲಿ ನಾನು ಆ ದಿನವೂ ಕೇಳಲಿಲ್ಲ, ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಅಪ್ಪ ಮೇಷ್ಟ್ರ ಮುಂದೆ ಇಲ್ಲ ಎನ್ನಲಾರದೆ ಹೆಬ್ಬೆಟ್ಟು ಒತ್ತಿದರು. ಎರಡು ವರ್ಷದ ನಂತರ ಸಿಇಟಿ, ಆಮೇಲೆ ಬಿ.ಇ. ಸೀಟು. ಆ ಸಂಜೆ ಅವರು ನಮ್ಮ ಮನೆಗೆ ಮಾತ್ರ ಬಂದದ್ದಲ್ಲ, ಇನ್ನೂ ಮೂರು ಮನೆಗೆ ಹೋಗಿದ್ದರು ಎಂದು ಆಮೇಲೆ ತಿಳಿಯಿತು. ನಿವೃತ್ತರಾಗಿ ಈಗ ಮಗಳ ಮನೆಯಲ್ಲಿದ್ದಾರೆ. ಹೆಸರು ಬರೆಯಬೇಡ ಎಂದಿದ್ದಾರೆ, ಬರೆದಿಲ್ಲ. ಯಾರೆಂದು ನಮ್ಮೂರಿನವರಿಗೆ ಹೇಳಬೇಕಾಗಿಯೂ ಇಲ್ಲ.

ಈಗ ನಮ್ಮ ಶಾಲೆಯ ಮಕ್ಕಳಿಗೆ ಹತ್ತನೇ ತರಗತಿಯವರೆಗಿನ ಅಡ್ಡಿಗಳು ಸಾಕಷ್ಟು ಕಡಿಮೆಯಾಗಿವೆ. ಬಿಸಿಯೂಟ ಇದೆ, ಪಠ್ಯಪುಸ್ತಕ, ಸಮವಸ್ತ್ರ ಬರುತ್ತದೆ. ಸಿಕ್ಕಿಕೊಳ್ಳುವುದು ಹತ್ತರ ನಂತರ, ಫಲಿತಾಂಶಕ್ಕೂ ಕಾಲೇಜು ಶುರುವಾಗುವುದಕ್ಕೂ ನಡುವಿನ ಆ ಕೆಲವು ವಾರಗಳಲ್ಲಿ. ಮೊನ್ನೆ ಸಮಿತಿಯ ಸಭೆಗೆ ಬಂದಾಗ ಇಬ್ಬರು ಶಿಕ್ಷಕರ ಹತ್ತಿರ ಮಾತಾಡಿದೆ. ಯಾವ ಹುಡುಗಿಯನ್ನು ಸಂಜೆ ಬಸ್ಸು ತಡವಾಗುತ್ತದೆಂದು ಕಾಲೇಜು ಬಿಡಿಸುತ್ತಾರೆ, ಯಾವ ಹುಡುಗ ಸಾಲ ತೀರಿಸಲು ಗಾರೆ ಕೆಲಸಕ್ಕೆ ಹೋಗುತ್ತಾನೆ, ಯಾರ ಮನೆಯಲ್ಲಿ ಪ್ರವೇಶ ಶುಲ್ಕಕ್ಕೆ ಎರಡು ಸಾವಿರ ಇಲ್ಲ, ಅವರಿಗೆ ಹೆಸರು ಹೆಸರಾಗಿ ಗೊತ್ತಿದೆ. ಗೊತ್ತಿದ್ದೂ ಸಂಬಳದಿಂದ ಎಷ್ಟು ಜನಕ್ಕೆ ಕೊಡುತ್ತಾರೆ? ಕೇಳುಸ್ಕರ್ ಅವರಿಗೆ ಕೂಡ ಕೊನೆಗೆ ಮಹಾರಾಜರ 25 ರೂಪಾಯಿ ಬೇಕಾಯಿತು. ಗುರುತಿಸುವುದು ಮೇಷ್ಟ್ರು ಮಾಡಬಹುದು, 25 ರೂಪಾಯಿಯನ್ನು ಬೇರೆಯವರು ತರಬೇಕು.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಸೇರಿ ಸ್ವಾಗತ ಕಮಾನು ಕಟ್ಟಿಸುತ್ತಿದ್ದೇವೆ. ನಾನೂ ನನ್ನ ಪಾಲು ಕೊಟ್ಟಿದ್ದೇನೆ, ಕಮಾನಿನ ಮೇಲೆ ನನಗೇನೂ ಸಿಟ್ಟಿಲ್ಲ. ರಸ್ತೆಯಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಅದರ ಜೊತೆಗೆ ಇನ್ನೊಂದು ಕೆಲಸ ಆಗಲಿ ಎಂದು ನಮ್ಮ 2006ನೇ ಬ್ಯಾಚಿನ ಕೆಲವರು ಮಾತಾಡಿಕೊಂಡಿದ್ದೇವೆ. ವರ್ಷ ವರ್ಷ ಒಂದಿಷ್ಟು ಹಣ ಶಾಲೆಗೆ ಕೊಡುವುದು. ಯಾರಿಗೆ, ಯಾವುದಕ್ಕೆ ಎಂದು ಶಿಕ್ಷಕರೇ ನಿರ್ಧರಿಸುವುದು. ವೇದಿಕೆಗೆ ಕರೆದು, ಶಾಲು ಹೊದಿಸಿ, ಫೋಟೊ ತೆಗೆಸಿ ಕೊಡುವುದು ಬೇಡ. ಪಡೆದವರ ಹೆಸರು ನಮಗೂ ತಿಳಿಯುವುದು ಬೇಡ. ಲೆಕ್ಕವನ್ನು ಎಸ್‌ಡಿಎಂಸಿ ನೋಡಿದರೆ ಸಾಕು. ಬೇರೆ ಬ್ಯಾಚಿನವರು ಸೇರುವುದಾದರೆ ಸಂತೋಷ.

ಕೇಳುಸ್ಕರ್ 1934ರಲ್ಲಿ ತೀರಿಕೊಂಡರು. ಸಂವಿಧಾನವನ್ನು ಅವರು ನೋಡಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅಂಬೇಡ್ಕರ್ ಬುದ್ಧನ ದಾರಿ ಹಿಡಿದದ್ದನ್ನೂ ನೋಡಲಿಲ್ಲ. ಕೀರ್ ಅವರ ಲೆಕ್ಕ ಹಿಡಿದರೆ, ಆ ಪುಸ್ತಕ ಕೈಗೆ ಬಂದ ದಿನದಿಂದ ನಾಗಪುರದ ಆ ದಿನಕ್ಕೆ 49 ವರ್ಷ, ನಮ್ಮ ಶಾಲೆಯ ಈಗಿನ ವಯಸ್ಸಿಗಿಂತ ಒಂದು ವರ್ಷ ಕಡಿಮೆ.

ಮೊದಲ ಕಂತನ್ನು ಮುಂದಿನ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮುಂಚೆಯೇ ಮುಖ್ಯೋಪಾಧ್ಯಾಯರ ಕೈಗೆ ತಲುಪಿಸುತ್ತೇವೆ. ನಮ್ಮ ಕಡೆಯಿಂದ ಒಂದೇ ಷರತ್ತು: ಆ ಪಟ್ಟಿ ಮಾಡುವಾಗ ನೂರಕ್ಕೆ 37 ತೆಗೆದವರನ್ನು ಬಿಡಬಾರದು.